ಎಂಟನೇ ಸಾಲಿನಲ್ಲಿ ಅಕ್ಕ

ಜನವರಿ 8, ಗುರುವಾರ

ಬೆಳಗಿನಿಂದ ನಲವತ್ತೊಂದು ಫೋನ್. ಎತ್ತಿದವರು ಹದಿನೇಳು. ನಮ್ಮ ಕ್ಯಾನ್ಸರ್ ನೋಂದಣಿ ಕಚೇರಿಯಲ್ಲಿ ನನ್ನ ಕೆಲಸವೇ ಇದು — ಐದು ವರ್ಷದ ಹಿಂದೆ ಸ್ತನ ಕ್ಯಾನ್ಸರ್ ಎಂದು ದಾಖಲಾದ ಹೆಂಗಸರ ಮನೆಗೆ ಫೋನ್ ಮಾಡಿ, ಇದ್ದಾರೋ ಇಲ್ಲವೋ ತಿಳಿದುಕೊಳ್ಳುವುದು. ನೇರವಾಗಿ ಹಾಗೆ ಕೇಳುವಂತಿಲ್ಲ. "ಅಮ್ಮ ಹೇಗಿದ್ದಾರೆ?" ಎನ್ನಬೇಕು. ಒಬ್ಬರು ತಾವೇ ಎತ್ತಿ, "ಸೊಸೆ ಜೊತೆ ಜಗಳ ಆಡೋಷ್ಟು ಚೆನ್ನಾಗಿದ್ದೀನಮ್ಮಾ" ಎಂದರು. ಇನ್ನೊಂದು ಮನೆಯಲ್ಲಿ ಗಂಡ ಮಾತೇ ಆಡದೆ ಫೋನ್ ಇಟ್ಟರು. ಆ ಹೆಸರಿನ ಮುಂದಿನ ಖಾನೆಯಲ್ಲಿ ಏನು ಬರೆಯಲಿ...

ಕುತ್ತಿಗೆ ನೋವು.

ಜನವರಿ 14, ಬುಧವಾರ

ವಾರ್ಷಿಕ ವರದಿಯ ಮೀಟಿಂಗ್. ದೊಡ್ಡ ಡಾಕ್ಟರ್ ಗ್ರಾಫ್ ತೋರಿಸಿದರು. ಇಪ್ಪತ್ತು ವರ್ಷದ ಹಿಂದೆ ಲಕ್ಷ ಹೆಂಗಸರಿಗೆ ಹತ್ತೊಂಬತ್ತು ಹೊಸ ಕೇಸ್. ಈಗ ಮೂವತ್ತಮೂರು. ಐದು ವರ್ಷ ಬದುಕಿದವರು ಆಗ ನೂರಕ್ಕೆ ಐವತ್ತೆರಡು. ಈಗ ಅರವತ್ತೆಂಟು. "ಎರಡು ಗೆರೆಯೂ ಮೇಲಕ್ಕೇ ಹೋಗ್ತಿದೆ. ನಗೋದೋ ಅಳೋದೋ ನೀವೇ ಹೇಳಿ" ಎಂದರು. ಬೇಗ ಬಂದವರು ಉಳಿಯುತ್ತಿದ್ದಾರೆ, ಅಷ್ಟೇ. ತಡವಾಗಿ ಬಂದವರ ಗೆರೆ ಇದ್ದಲ್ಲೇ ಮಲಗಿದೆ.

ಮೀಟಿಂಗ್ ಮುಗಿಯಿತು. ಮತ್ತೆ ಫೋನ್.

ಜನವರಿ 19, ಸೋಮವಾರ

ಲ್ಯಾಬಿನಿಂದ ಹೊಸ ಕೇಸುಗಳ ಪಟ್ಟಿ ಬಂತು. ಎಂಟನೇ ಸಾಲು — ಅಕ್ಕನ ಹೆಸರು. ವಯಸ್ಸು ನಲವತ್ತೇಳು. ಅದೇ ವಿಳಾಸ, ಅದೇ ಫೋನ್ ನಂಬರ್. ಎಡ ಸ್ತನ, ಮೂರು ಸೆಂಟಿಮೀಟರ್ ಗಡ್ಡೆ. ಬಯಾಪ್ಸಿ ಆಗಿ ಐದು ವಾರ.

ಈ ಐದು ವಾರವೂ ದಿನಾ ಫೋನಿನಲ್ಲಿ ಹರಟಿದ್ದೇವೆ. ಕೆಟ್ಟುಹೋದ ವಾಷಿಂಗ್ ಮೆಷಿನ್, ಅವಳ ಮಗಳ ಪರೀಕ್ಷೆ, ಭಾವನ ಗೊರಕೆ. ಇದೊಂದು ಬಿಟ್ಟು ಎಲ್ಲ.

ಸಂಬಂಧಿಕರ ದಾಖಲೆಯನ್ನು ನಾವು ಮುಟ್ಟುವಂತಿಲ್ಲ. ಯಾರದೇ ಆಗಲಿ, ಹೊರಗೆ ಬಾಯಿ ಬಿಡುವಂತಿಲ್ಲ. ಆ ಸಾಲನ್ನು ಪಕ್ಕದ ಟೇಬಲ್ಲಿನ ಮೇಡಂಗೆ ಕೊಟ್ಟೆ. ನೋಡಿದರು. "ನೀವು ಮನೆಗೆ ಹೋಗಿ" ಎಂದರು. ಹೋಗಲಿಲ್ಲ. ಇನ್ನೂ ಹನ್ನೆರಡು ಫೋನ್ ಮಾಡಿದೆ.

ಜನವರಿ 20

ಅಕ್ಕನ ಫೋನ್. "ಯಾಕೇ, ದನಿ ಬಿದ್ದುಹೋಗಿದೆ? ಹುಷಾರಿಲ್ವಾ?" ನನ್ನನ್ನು ಕೇಳುತ್ತಾಳೆ.

ಶೀತ ಎಂದೆ.

ಜನವರಿ 25, ಭಾನುವಾರ

ಅಕ್ಕನ ಮನೆಗೆ ಹೋದೆ. ದಾರಿಯುದ್ದಕ್ಕೂ ಒಂದು ಸುಳ್ಳನ್ನು ಉರು ಹೊಡೆದಿದ್ದೆ. "ಎದೆ ತಪಾಸಣೆ ಮಾಡಿಸ್ಕೋಬೇಕು ಕಣಕ್ಕಾ. ಒಬ್ಬಳೇ ಹೋಗೋಕೆ ಭಯ. ನೀನೂ ಬಾ, ಇಬ್ಬರೂ ಮಾಡಿಸ್ಕೊಳ್ಳೋಣ."

ಕೈಯಲ್ಲಿದ್ದ ಟವೆಲ್ ಮಡಚಿದಳು. ಬಿಚ್ಚಿದಳು. ಮತ್ತೆ ಮಡಚಿದಳು.

"ನಿನ್ನ ಆಫೀಸಿಗೆ ಬಂತಾ?"

ಹೌದು ಎನ್ನುವಂತಿಲ್ಲ. ಅವಳ ಕೈಯಿಂದ ಟವೆಲ್ ತೆಗೆದು ಪಕ್ಕಕ್ಕಿಟ್ಟೆ.

"ಮಗಳ ಪರೀಕ್ಷೆ ಏಪ್ರಿಲ್‌ಗೆ ಮುಗಿಯತ್ತೆ. ಆಮೇಲೆ ಹೋಗ್ತೀನಿ. ನಿಮ್ಮ ಭಾವನಿಗೂ ಹೇಳಿಲ್ಲ. ಅಷ್ಟರಲ್ಲಿ ಏನಾಗಿಬಿಡತ್ತೆ?"

ಅಷ್ಟರಲ್ಲಿ ಏನಾಗುತ್ತದೆ ಎಂದು ಹನ್ನೊಂದು ವರ್ಷದಿಂದ ನೋಡುತ್ತಿದ್ದೇನೆ. ಹೇಳಿದೆ. ಇರಲಿ, ಆಮೇಲೆ ನೋಡೋಣ ಎಂದವರ ಬಗ್ಗೆ. ಅವರ ಫೋನ್ ಎತ್ತುವ ಮಕ್ಕಳ ಬಗ್ಗೆ. ದನಿ ಏರಿತ್ತೇನೋ. ಮಗಳು ಪುಸ್ತಕ ಹಿಡಿದೇ ಬಂದು ಬಾಗಿಲಲ್ಲಿ ನಿಂತಳು. ಎಲ್ಲ ಕೇಳಿಸಿಕೊಂಡಿದ್ದಳು.

"ಅಮ್ಮಾ, ಇದನ್ನ ನನ್ನ ಪರೀಕ್ಷೆ ಮೇಲೆ ಹಾಕ್ಬೇಡ."

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಹೊರಟಾಗ ಗೇಟಿನವರೆಗೆ ಬಂದಳು. "ಯಾವತ್ತು ಹೋಗೋದು?"

ಫೆಬ್ರವರಿ 11, ಬುಧವಾರ, ಬೆಳಿಗ್ಗೆ 9:40

ಆಪರೇಷನ್ ಥಿಯೇಟರ್ ಮುಂದಿನ ಬೆಂಚು. ಪಕ್ಕದಲ್ಲಿ ಭಾವ. ಮಾತು ಕಡಿಮೆ ಅವರದು. ಇದ್ದಕ್ಕಿದ್ದಂತೆ, "ನಿನಗೆ ಲೆಕ್ಕ ಗೊತ್ತಲ್ಲ. ಎಷ್ಟು ಜನ ಉಳೀತಾರೆ?"

"ಈ ಹಂತದಲ್ಲಿ ಬಂದವರು ನೂರಕ್ಕೆ ಎಂಬತ್ತರ ಮೇಲೆ, ಭಾವ."

"ನೂರು ಜನ ಬೇಡ. ಇವಳೊಬ್ಬಳದು ಹೇಳು."

ಗೊತ್ತಿಲ್ಲ ಎಂದೆ. ತಲೆಯಾಡಿಸಿ, ಕುಡಿಯದೆ ಹಿಡಿದಿದ್ದ ನೀರಿನ ಬಾಟಲಿಯನ್ನು ನನಗೆ ಕೊಟ್ಟರು.

ಸಂಜೆ 6

ಗಡ್ಡೆ ತೆಗೆದಿದ್ದಾರೆ. ಕಂಕುಳಿಗೆ ಹರಡಿದಂತೆ ಕಾಣುವುದಿಲ್ಲವಂತೆ. ಪೂರ್ತಿ ರಿಪೋರ್ಟ್ ಮುಂದಿನ ವಾರ. ಆಮೇಲೆ ಕಿಮೋ, ವಾಂತಿ, ಕೂದಲು... ಅದೆಲ್ಲ ಇದ್ದೇ ಇದೆ. ಇವತ್ತಿಗೆ ಇಷ್ಟು ಸಾಕು.

ಅಕ್ಕ ಕಣ್ಣು ಬಿಟ್ಟಿದ್ದಾಳೆ. ಇತ್ತ ನೋಡುತ್ತಿದ್ದಾಳೆ.

"ನನ್ನ ವಿಷಯಾನೇ ಬರೀತಿದ್ದೀಯಾ?"

ಹೂಂ ಎಂದೆ.

"ಹಾಗಾದ್ರೆ ಹಸಿವಾಗ್ತಿದೆ ಅಂತ ಬರಿ."

ಬರೆದೆ. ಭಾವ ಗೋಡೆಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿದ್ದಾರೆ. ಏನಾದರೂ ಕೊಡಬಹುದೋ ಏನೋ, ಹೋಗಿ ನರ್ಸನ್ನು ಕೇಳಿಕೊಂಡು ಬರುತ್ತೇನೆ.