ಹಾಳೆಯ ಮೇಲಿನ ಎಣ್ಣೆ ಕಲೆ

ಭಾನುವಾರ, ೧೧ ಮೇ ೧೯೮೦. ಜಯನಗರ.

ಆ ಹಾಳೆಯನ್ನು ಏನು ಮಾಡಬೇಕೋ ಇನ್ನೂ ತಿಳಿಯುತ್ತಿಲ್ಲ.

ನನ್ನ ಹೆಂಡತಿ ನಾಗು ತೀರಿಕೊಂಡ ಮೇಲೆ ಇವತ್ತೇ ಮೊದಲ ಸಲ ದೂರದರ್ಶಕವನ್ನು ತಾರಸಿಗೆ ಒಯ್ದೆ. ಸೂರ್ಯನ ಬಿಂಬವನ್ನು ಹಾಳೆಯ ಮೇಲೆ ಬೀಳಿಸಿ, ಅದರ ಕಲೆಗಳನ್ನು ಪೆನ್ಸಿಲಿನಲ್ಲಿ ಗುರುತಿಸುವುದು ನನ್ನ ಕೆಲಸ. ಹಾಳೆ ಹಿಡಿಯುತ್ತಿದ್ದವಳು ಅವಳು. ಒಗ್ಗರಣೆ ಇಳಿಸಿ ಹಾಗೇ ಓಡಿ ಬರುತ್ತಿದ್ದಳು.

ಈ ವರ್ಷ ಸೂರ್ಯನ ಮೈತುಂಬ ಕಲೆ. ಎಳೆಯ ನಕ್ಷತ್ರಗಳಿಗೆ ಇನ್ನೂ ಹೆಚ್ಚು. ಅವು ಜೋರಾಗಿ ತಿರುಗುತ್ತವೆ, ಅದಕ್ಕೇ ಅಷ್ಟು ಕಾಂತಬಲ, ಅಷ್ಟು ಸಿಡಿತ. ವಯಸ್ಸಾದಂತೆ ತಿರುಗುವ ವೇಗ ಇಳಿದು ಶಾಂತವಾಗುತ್ತವೆ ಎಂದು ಒಮ್ಮೆ ಹೇಳಿದ್ದೆ. ನನ್ನ ಸಿಡುಕು ಬಲ್ಲವಳು, ನಕ್ಕಳು. "ಹಂಗಾದ್ರೆ ನಿಮ್ಗೂ ವಯಸ್ಸಾಗ್ಲಿ. ನಾನು ಕಾಯ್ತೀನಿ ಬಿಡಿ."

ಬಿಂಬದ ಅಂಚಿನಲ್ಲಿ ಒಂದು ಮಸುಕು ಕಲೆ ಕಂಡಿತು. ಅನುಮಾನ ಬಂದರೆ ಹಾಳೆಯನ್ನು ಅಲ್ಲಾಡಿಸಿ ನೋಡುತ್ತೇವೆ. ಸೂರ್ಯನ ಕಲೆಯಾದರೆ ಬಿಂಬದಲ್ಲಿ ನಿಂತಲ್ಲೇ ನಿಲ್ಲುತ್ತದೆ, ಹಾಳೆಯದಾದರೆ ಹಾಳೆಯ ಜೊತೆ ಸರಿಯುತ್ತದೆ. ಅಲ್ಲಾಡಿಸಿದೆ. ಸರಿಯಿತು. ಎಣ್ಣೆಯ ಕಲೆ, ಅವಳ ಹೆಬ್ಬೆರಳಿನದು.

ಸಾರಕ್ಕಿಯಿಂದ ಬಂದಿರುವ ಅಕ್ಕ ಕೆಳಗಿನಿಂದ ಕೂಗಿದಳು, "ಬಿಸ್ಲಲ್ಲಿ ಎಷ್ಟೊತ್ತಪ್ಪಾ ನಿಂತ್ಕೊಳ್ತೀಯ? ತಿಂಡಿ ಆರೋಗ್ತೈತೆ."

ಇಳಿಯಲಿಲ್ಲ. ಹಾಳೆಯನ್ನು ಸುಮ್ಮನೆ ಅತ್ತಿತ್ತ ಸರಿಸುತ್ತಲೇ ಇದ್ದೆ. ಎತ್ತ ಸರಿಸಿದರೂ ಅದು ಜೊತೆಗೇ ಬರುತ್ತಿತ್ತು. ಸೂರ್ಯನ ಬಿಂಬ ಹಾಳೆಯಿಂದ ಜಾರಿಹೋದದ್ದೂ ನನಗೆ ಗೊತ್ತಾಗಲಿಲ್ಲ.

ನಾಳೆಗೆ ಬೇರೆ ಹಾಳೆ ಹಾಕಬೇಕು. ಇದನ್ನು...