ಬೀಳದ ಹಾಲುಹಲ್ಲು

ತಾಂಬಾ
ಬುಧವಾರ, 5 ಸೆಪ್ಟೆಂಬರ್ 2001

ಪ್ರೀತಿಯ ತಮ್ಮ ಕಲ್ಮೇಶನಿಗೆ ನಿನ್ನ ಸುವರ್ಣಕ್ಕನ ಆಶೀರ್ವಾದಗಳು.

ಹೇಗಿದ್ದೀ? ಈ ಮಳೆಗೆ ಕಾಲು ನೋಯುತ್ತಿದೆಯೇ? ಗ್ಯಾರೇಜಿನ ತಣ್ಣನೆಯ ನೆಲದ ಮೇಲೆ ಅಂಗಾತ ಮಲಗಿ ಲಾರಿ ಬಿಚ್ಚುವಾಗ ಕೆಳಗೊಂದು ಗೋಣಿಚೀಲವನ್ನಾದರೂ ಹಾಸಿಕೋ. ಹೇಳಿದರೆ ‘ಹೂಂ ಅಕ್ಕಾ’ ಎನ್ನುತ್ತೀ, ಮಾಡುವುದು ಮಾತ್ರ ನಿನ್ನ ಮನಸ್ಸಿಗೆ ಬಂದದ್ದನ್ನೇ. ನಿಡಗುಂದಿಯ ಖಾನಾವಳಿಯ ಊಟ ಒಗ್ಗುತ್ತದೆಯೋ ಇಲ್ಲವೋ ಎಂದು ಬರೆಯುವುದೇ ಇಲ್ಲ. ನಿನ್ನ ಭಾವ ಆರಾಮವಾಗಿದ್ದಾರೆ, ತೊಗರಿಗೆ ಔಷಧ ಹೊಡೆಯುವುದರಲ್ಲಿ ಮುಳುಗಿದ್ದಾರೆ. ನಾನೂ ಮೈಯಿಂದ ಚೆನ್ನಾಗಿದ್ದೇನೆ. ಮನಸ್ಸು ಮಾತ್ರ ನೆಟ್ಟಗಿಲ್ಲ, ಅದಕ್ಕೇ ಅಡುಗೆ ಬಿಟ್ಟು ಬರೆಯಲು ಕೂತಿದ್ದೇನೆ.

ವಿಜಿಯನ್ನು ಕರೆದುಕೊಂಡು ವಿಜಾಪುರದ ಹಲ್ಲಿನ ದವಾಖಾನೆಗೆ ಹೋಗಿದ್ದೆ. ನನ್ನ ಮಗಳಿಗೆ, ಅಂದರೆ ನಿನ್ನ ಸೊಸೆಗೆ, ಈಗ ಹದಿಮೂರು. ಕೋರೆಹಲ್ಲು ಜಾಗ ಸಾಲದೆ ವಸಡಿನ ಮೇಲೆ ಹತ್ತಿ ಕೂತಿದೆ. ನಗು ಬಂದರೆ ಬಾಯಿಗೆ ಕೈ ಅಡ್ಡ ಹಿಡಿಯುತ್ತಾಳೆ. ಹಲ್ಲಿಗೆ ತಂತಿ ಹಾಕಿಸಿದರೆ ಸಾಲಾಗಿ ಬರುತ್ತವೆ ಎಂದು ಅವಳ ಶಾಲೆಯ ಶಿಕ್ಷಕಿ ಹೇಳಿದ್ದರು. ಅದಕ್ಕೆಂದು ಹೋದವಳು, ತಲೆ ತಿರುಗುವಂಥ ಮಾತು ಕೇಳಿಕೊಂಡು ಬಂದೆ.

ಹೇಳುವ ಮೊದಲು ನಿನಗೆ ಗೊತ್ತಿರುವುದನ್ನೇ ಇನ್ನೊಮ್ಮೆ ಬರೆಯುತ್ತೇನೆ. ಸಿಟ್ಟು ಬಂದಾಗ ಮೊದಲಿನಿಂದ ಹೇಳದಿದ್ದರೆ ನನಗೆ ಸಮಾಧಾನವಾಗುವುದಿಲ್ಲ. ಬಾಣಂತನ ಮುಗಿಸಿ ತವರು ಯಂಕಂಚಿಯಿಂದ ಹೊರಟಾಗ ಐದು ತಿಂಗಳ ಕೂಸನ್ನು ಬಸ್ಸಿನ ತನಕ ಎತ್ತಿಕೊಂಡು ಬಂದವನು ನೀನೇ. ಆಮೇಲೆ ಅವಳಿಗೆ ಮೇಲಿನ ಹಲ್ಲು ಮೊದಲು ಬಂತು, ಸೋದರಮಾವನಿಗೆ ಕೇಡು ಎಂದು ಅವ್ವ ಊಟ ಬಿಟ್ಟಳು. ಎಣ್ಣೆಯ ಬಟ್ಟಲಲ್ಲಿ ಕೂಸಿನ ಮುಖ ನೋಡಿದರೆ ದೋಷ ಹೋಗುತ್ತದೆ ಎಂದು ನಿನ್ನನ್ನು ಇಲ್ಲಿಗೆ ಹೊರಡಿಸಿದ್ದೂ ಅವಳೇ. ಬರುವ ದಾರಿಯಲ್ಲೇ ನಿನ್ನ ಟ್ರ್ಯಾಕ್ಟರ್ ಹಳ್ಳಕ್ಕೆ ಮಗುಚಿತು, ಕಾಲು ಮುರಿಯಿತು. ಹಳ್ಳದ ದಂಡೆ ಮಳೆಗೆ ಕುಸಿದಿತ್ತೆಂದು ಊರಿಗೆಲ್ಲ ಗೊತ್ತು, ಅವ್ವನಿಗೊಬ್ಬಳಿಗೆ ಬೇಡ. ದವಾಖಾನೆಯಲ್ಲಿ ನಿನ್ನ ಹಾಸಿಗೆಯ ಪಕ್ಕದಲ್ಲೇ ಆಣೆ ಹಾಕಿಸಿದಳು: “ಆ ಹಲ್ಲು ಉದುರೂತನಕ ಕೂಸಿನ ಮಾರಿ ನೋಡಬ್ಯಾಡ.”

ಹಾಲುಹಲ್ಲು ತಾನೇ, ಆರೇಳು ವರ್ಷಕ್ಕೆ ಉದುರುತ್ತದೆ ಎಂದು ನಾನೂ ಸುಮ್ಮನಾದೆ. ವಿಜಿಯ ಕಿವಿ ಚುಚ್ಚಿಸುವಾಗ ನಿನ್ನ ತೊಡೆಯ ಬದಲು ಪಕ್ಕದ ಮನೆಯವರ ತೊಡೆಯ ಮೇಲೆ ಕೂರಿಸಿದೆ. ಪಂಚಮಿಗೆ ತವರಿಗೆ ಬರುವಾಗ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದೆ. ಸಿಂದಗಿ ಬಸ್ ನಿಲ್ದಾಣದಲ್ಲಿ ಭೇಟಿಯಾದಾಗ ಅವಳ ಫೋಟೋ ಕೊಟ್ಟರೆ ಕಣ್ಣು ಮುಚ್ಚಿ ವಾಪಸು ಕೊಟ್ಟವನು ನೀನು. ಅವ್ವನ ಮೇಲೆ ಎಲ್ಲ ಹಾಕಬೇಡ ಕಲ್ಮೇಶ, ನೀನೂ ಹೆದರಿದ್ದೆ. ಉಳಿದ ಹಾಲುಹಲ್ಲುಗಳೆಲ್ಲ ಉದುರಿ ಮನೆಯ ಹಂಚಿನ ಮೇಲೆ ಬಿದ್ದವು. ಅದೊಂದು ಮಾತ್ರ ಮೊಳೆ ಹೊಡೆದಂತೆ ಕೂತಿತ್ತು. ಎರಡು ದೊಡ್ಡ ಹಲ್ಲುಗಳ ಪಕ್ಕದ್ದು, ಎಡಗಡೆಯದು. ಹಲ್ಲು ಹಟ ಹಿಡಿದಿದೆ, ಇನ್ನೂ ಮಾವನನ್ನು ಕಾಯುತ್ತಿದೆ ಎಂದು ಅವ್ವ ಅಂದಾಗ ನನಗೂ ಮೈ ಜುಮ್ಮೆಂದದ್ದುಂಟು.

ಈಗ ಕೇಳು. ದವಾಖಾನೆಯಲ್ಲಿ ಬಾಯಿಯ ಎಕ್ಸರೇ ತೆಗೆದರು. ಡಾಕ್ಟರು ನಮ್ಮ ಕಡೆಯ ಹುಡುಗಿಯೇ, ಅದನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ತೋರಿಸಿದಳು. “ಇಲ್ಲಿ ನೋಡ್ರಿ, ಇದರ ಮ್ಯಾಲ ವಸಡಿನಾಗ ಬರೂ ಹಲ್ಲ ಇಲ್ರಿ. ಹುಟ್ಟೇ ಇಲ್ಲ. ಹೊಸಾದು ದೂಡಿದ್ರ ಹಳೇದು ಬೀಳತೈತಿ, ದೂಡಾವ್ರ ಇಲ್ಲಂದ್ರ ಇದು ಯಾಕ ಬೀಳತೈತ್ರಿ?” ನಾನು ಅಳುವ ಹಾಗಾಗಿ ಇದೇನು ರೋಗವೇ ಎಂದು ಕೇಳಿದೆ. ಅವಳು ನಕ್ಕುಬಿಟ್ಟಳು. ತಂತಿ ಹಾಕಿಸಲು ಬರುವವರಲ್ಲಿ ಇಂಥದ್ದು ದಿನಾ ಒಂದಾದರೂ ಇರುತ್ತದಂತೆ. ಒಬ್ಬರಿಗೆ ಹಲ್ಲು ಕಡಿಮೆ, ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಚೂಪು, ಇನ್ನೊಬ್ಬರಿಗೆ ದವಡೆಯೊಳಗೇ ಅಡ್ಡ ಮಲಗಿರುತ್ತದೆ.

ಹೊರಗಿನ ಬೆಂಚಿನ ಮೇಲೆ ಅದನ್ನು ಕಣ್ಣಾರೆ ಕಂಡೆ. ಮುದ್ದೇಬಿಹಾಳ ಕಡೆಯ ಬಿಬಿಜಾನ ಎಂಬವಳು ಮಗನನ್ನು ಕರೆತಂದಿದ್ದಳು. ಅವನ ಮುಂದಿನ ಎರಡು ಹಲ್ಲುಗಳ ನಡುವೆ ಮತ್ತೊಂದು ಹಲ್ಲು ಎದ್ದಿತ್ತು. ಅವನಿಗೂ ಮೇಲಿನದೇ ಮೊದಲು ಬಂದಿತ್ತಂತೆ. ಜೊತೆಗೆ ಬಂದವನು ಅವಳ ಅಣ್ಣ ಗೈಬುಸಾಬ, ಹುಡುಗನ ಸ್ವಂತ ಮಾವ! ಶೇಂಗಾ ಸುಲಿದು ಅಳಿಯನ ಬಾಯಿಗೆ ಹಾಕುತ್ತಿದ್ದ. ನಿಮ್ಮಲ್ಲಿ ಮಾವನಿಗೆ ಕೇಡು ಎನ್ನುವುದಿಲ್ಲವೇ ಎಂದು ಕೇಳಿದೆ. “ಅಂತಾರ್ರಿ ಅಕ್ಕಾರ. ನಮ್ಮಣ್ಣಗ ಈ ಅಳಿಯನ ಹಿಂದ ದವಾಖಾನಿ ಅಡ್ಡಾಡೂದ ಒಂದು ಕೇಡು ನೋಡ್ರಿ” ಎಂದಳು. ಆ ಮನುಷ್ಯ ನಮ್ಮ ವಿಜಿಗೂ ಒಂದು ಹಿಡಿ ಶೇಂಗಾ ಕೊಟ್ಟ. ಅವಳು ತಿನ್ನದೆ ಅವರಿಬ್ಬರನ್ನೇ ನೋಡುತ್ತ ಕೂತಳು.

ಹೊರಡುವಾಗ ಡಾಕ್ಟರು ಕೇಳಿದಳು, ಮನೆಯಲ್ಲಿ ಬೇರೆ ಯಾರಿಗಾದರೂ ಅದೇ ಹಲ್ಲು ಇಲ್ಲವೇ, ಅಥವಾ ಸಣ್ಣದಿದೆಯೇ ಎಂದು. ಇಲ್ಲ ಎನ್ನಲು ಹೊರಟಿದ್ದೆ. ಅಷ್ಟರಲ್ಲಿ ನಿನ್ನ ಮುಖ ಕಣ್ಣ ಮುಂದೆ ಬಂತು. ಎಡಗಡೆ, ಅದೇ ಜಾಗದಲ್ಲಿ, ಜೋಳದ ಕಾಳಿನಷ್ಟು ಚೂಪು ಹಲ್ಲು! ಅಪ್ಪ ನಿನ್ನನ್ನು ‘ಅರೆಕಾಳು’ ಎಂದು ರೇಗಿಸುತ್ತಿದ್ದದ್ದು ನೆನಪಿದೆಯಲ್ಲ? ಹೇಳಿದ ಕೂಡಲೇ ಅವಳು ವಿಜಿಯ ಗಲ್ಲ ಚಿವುಟಿ “ಹಂಗಾರ ಇದು ನಿಮ್ಮ ಮಾಮಾನ ಕಡಿಂದನ ಬಂದದ್ದು ನೋಡವಾ” ಎಂದಳು. ಯಾವ ಹಲ್ಲು ನಿನ್ನನ್ನು ನನ್ನ ಮನೆಯ ಹೊಸ್ತಿಲಿಂದ ದೂರ ಇಟ್ಟಿತೋ ಅದು ನಿನ್ನದೇ ರಕ್ತದ ಗುರುತು. ಬಸ್ಸಿನಲ್ಲಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತೆ.

ಆ ಹಲ್ಲಿನ ಬೇರು ಇನ್ನೂ ಗಟ್ಟಿ ಇದೆಯಂತೆ, ಬಹಳ ವರ್ಷ ಬಾಳಬಹುದಂತೆ. “ಇದನ್ನ ಮಾತ್ರ ಕೀಳಿಸಬ್ಯಾಡ್ರಿ, ಹೋತಂದ್ರ ಹಿಂದ ಬರೂದಿಲ್ಲ” ಎಂದು ಡಾಕ್ಟರು ಒತ್ತಿ ಹೇಳಿದಳು. ಮಂಗಳವಾರ ತಂತಿ ಹಾಕುತ್ತಾರೆ. ಖುಷಿಯಿಂದ ಯಂಕಂಚಿಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ಅವಳು ಕೇಳಿದ್ದು ಒಂದೇ ಮಾತು, ಅದು ತಾನಾಗಿ ಬೀಳುವುದಿಲ್ಲ ಎಂಬುದು. “ಹಂಗಾರ ಕೀಳಿಸು. ಒಂದು ಹಲ್ಲಿಲ್ಲಂದ್ರ ಹುಡುಗಿ ಬದುಕತಾಳ. ನನಗ ಇರಾವ ಒಬ್ಬ ಮಗ.” ಜಗಳ ಮಾಡಿದೆ. ಆದರೆ ಅವಳು ನಿಜವಾಗಿಯೂ ಹೆದರಿದ್ದಾಳೆ, ಅದಕ್ಕೇ ಹೆಚ್ಚು ಬೈಯದೆ ಎದ್ದು ಬಂದೆ.

ಅವ್ವನಿಗಾದರೂ ಉತ್ತರ ಕೊಡಬಲ್ಲೆ, ಈ ಹುಡುಗಿಗೆ ಏನು ಹೇಳಲಿ? ಬಂದಾಗಿನಿಂದ ಒಂದೇ ವರಾತ, ಕೀಳಿಸಿಬಿಡು ಎಂದು. ಹೋದರೆ ಜನ್ಮವಿಡೀ ಕಿಂಡಿ ಉಳಿಯುತ್ತದೆ ಎಂದು ಹೆದರಿಸಿದೆ. “ಉಳೀಲಿ ಬಿಡವ್ವಾ. ಹಲ್ಲು ಹೋದ್ರ ಮಾಮಾ ಬರ್ತಾನಲ್ಲಾ” ಎಂದಳು. ಆ ಶೇಂಗಾ ಇನ್ನೂ ಅವಳ ಶಾಲೆಯ ಚೀಲದಲ್ಲೇ ಇದೆ, ಒಂದನ್ನೂ ತಿಂದಿಲ್ಲ. ನನಗೆ ಭಯವಾಗುತ್ತಿದೆ ತಮ್ಮಾ. ನೀನು ಕಳಿಸಿದ ಬಳೆ, ಸೈಕಲ್ಲು ಎಲ್ಲವೂ ಇವೆ, ಅವಳಿಗೆ ಅವು ಸಾಕಾಗುತ್ತಿಲ್ಲ.

ಭಾವ ನಿನ್ನನ್ನು ಕೇಳಿದರು. ಹೊತ್ತಿಗೆ ಸರಿಯಾಗಿ ಉಣ್ಣು, ಒದ್ದೆಯಲ್ಲಿ ನಿಲ್ಲಬೇಡ. ನಿನ್ನ ಕಾಲಿಗೂ ಬಾಳಿಗೂ ಬಲ ಬರಲಿ.

ನಿನ್ನ ಅಕ್ಕ,
ಸುವರ್ಣಾ

ತಾ.ಕ.: ಕಾಗದ ಮಡಚುತ್ತಿದ್ದೆ, ಹಿತ್ತಲ ಬಾಗಿಲು ಧಡ್ ಎಂದಿತು. ಓಡಿ ಹೋದರೆ ಈ ಹುಚ್ಚಿ ಹೊಲಿಗೆಯ ದಾರದ ಒಂದು ತುದಿಯನ್ನು ಹಲ್ಲಿಗೆ, ಇನ್ನೊಂದನ್ನು ಬಾಗಿಲ ಚಿಲಕಕ್ಕೆ ಕಟ್ಟಿಕೊಂಡಿದ್ದಾಳೆ. ದಾರ ಹರಿದಿದೆ, ವಸಡಿನಲ್ಲಿ ರಕ್ತ ಬಂದಿದೆ. ಹಲ್ಲು ದೇವರ ದಯೆಯಿಂದ ಉಳಿದಿದೆ, ಆದರೆ ಸ್ವಲ್ಪ ಅಲುಗುತ್ತಿದೆ. ಮತ್ತೆ ಕಟ್ಟಿಕೊಳ್ಳುವುದಿಲ್ಲ ಎಂದು ಮಾತು ಕೊಡು ಅಂದರೆ ಕೊಡಲೊಲ್ಲಳು. ಅಂಚೆಯನ್ನು ನಂಬದೆ ಇದನ್ನು ನಿಡಗುಂದಿಗೆ ಹೊರಟ ಲಾರಿಯ ಚಾಲಕ ಬಂದೇನವಾಜನ ಕೈಗೆ ಕೊಡುತ್ತಿದ್ದೇನೆ. ಓದಿದ ಕೂಡಲೇ ಹೊರಡು. ಅವ್ವನನ್ನು ಕೇಳಬೇಡ, ಅವಳ ಬೈಗುಳ ನನಗಿರಲಿ. ಎಣ್ಣೆಯ ಬಟ್ಟಲು ಇಡುವುದಿಲ್ಲ. ಬಾಗಿಲಲ್ಲಿ ನಿಂತು ಅವಳನ್ನು ಹೆಸರು ಹಿಡಿದು ಕರೆ, ಅವಳು ಬಂದ ಕೂಡಲೇ ಬಾಯಿ ತುಂಬ ನಗು. ಅವಳು ಮೊದಲು ನಿನ್ನ ಹಲ್ಲು ನೋಡಲಿ.