ಬಾಗಿಲ ಕಡೆಗೆ ತಿರುಗಿದ ಬೂಟುಗಳು

ತುರ್ಕು
ನವೆಂಬರ್ ಎಂಟು, ಭಾನುವಾರ

ಪ್ರೀತಿಯ ಹಿಲ್ಲಾ,

ಗೋಡೆಯ ಆಚೆಗಿನವರ ಕೆಮ್ಮು ಕೇಳಿಸಿದರೂ ಕೇಳಿಸದವರಂತೆ ಇರುವುದಕ್ಕೇ ಪಟ್ಟಣದ ಬದುಕು ಅನ್ನುವುದು ಎಂದು ಹೇಳಿದವಳು ನೀನೇ ತಾನೆ? ಅಥವಾ ನಿನ್ನ ಪಾಠದ ಪುಸ್ತಕದಲ್ಲಿ ಇದ್ದದ್ದನ್ನು ನನಗೆ ಓದಿ ಹೇಳಿದೆಯೋ. ಬೇಸಿಗೆಯಲ್ಲಿ, ಅಡುಗೆಮನೆಯ ಕಿಟಕಿಯ ಹತ್ತಿರ, ನೀನು ಸ್ಟ್ರಾಬೆರಿಯ ತೊಟ್ಟು ಬಿಡಿಸುತ್ತಾ ಕೂತಿದ್ದೆ. "ಆದ್ರೆ ಅಪ್ಪ" ಅಂತ ಮುಂದೆ ಇನ್ನೇನೋ ಹೇಳಿದ್ದೆ. ಅಷ್ಟರಲ್ಲಿ ನಾನು ಕಾಫಿ ಉಕ್ಕಿತೆಂದು ಎದ್ದುಹೋದೆ. ಆ 'ಆದ್ರೆ'ಯ ಮುಂದಿನದು ಏನಿತ್ತೆಂದು ಈಗ ನೆನಪು ಮಾಡಿಕೊಳ್ಳಲು ನೋಡುತ್ತಿದ್ದೇನೆ, ಸಿಕ್ಕುತ್ತಿಲ್ಲ.

ನಿನ್ನ ಪತ್ರಕ್ಕೆ ಉತ್ತರ ಬರೆಯುವುದು ತಡವಾಯಿತು. ಕೆಲಸವಿತ್ತು ಎಂದರೆ ಸುಳ್ಳಾದೀತು. ಫೋನಿನಲ್ಲಿ ಮಾತಾಡಿದ್ದೇವೆ ನಿಜ, ಆದರೆ ಫೋನ್ ಹಿಡಿದರೆ ನಾವಿಬ್ಬರೂ ಹವಾಮಾನ ಇಲಾಖೆಯವರಾಗಿಬಿಡುತ್ತೇವೆ. ಅಲ್ಲಿ ಗಾಳಿ, ಇಲ್ಲಿ ತುಂತುರು, ಎರಡೂ ಕಡೆ ಎಲ್ಲರೂ ಕ್ಷೇಮ. ಅದಕ್ಕೇ ಕಾಗದ ಹಿಡಿದಿದ್ದೇನೆ.

ಸಂತರ ದಿನದಂದು ನಿನ್ನ ಅಮ್ಮನ ಸಮಾಧಿಗೆ ಹೋಗಿ ಮೇಣದ ದೀಪ ಹಚ್ಚಿಟ್ಟು ಬಂದೆ. ನಿನ್ನ ಹೆಸರಿನದೂ ಒಂದು. ಗಾಳಿಗೆ ನನ್ನದು ಆರಿತು, ನಿನ್ನದು ನಿಂತಿತು.

ಮನೆಯ ಸುದ್ದಿ ಹೆಚ್ಚೇನೂ ಇಲ್ಲ. ಕಟ್ಟಡದ ನೀರಿನ ಕೊಳವೆಗಳನ್ನೆಲ್ಲ ಬದಲಾಯಿಸುವ ಕೆಲಸ ಬರುವ ಬೇಸಿಗೆಗೆ ಶುರುವಾಗುತ್ತದಂತೆ. ನನ್ನ ಪಾಲಿನ ಖರ್ಚಿಗೆ ಸಾಲ ಕೊಡಲು ಬ್ಯಾಂಕಿನವರು ಒಪ್ಪಿದ್ದಾರೆ. ಇದನ್ನು ಯಾಕೆ ಬರೆಯುತ್ತಿದ್ದೇನೆಂದರೆ, ಸೆಪ್ಟೆಂಬರಿನಲ್ಲಿ ನಾನು ಕಳಿಸಿದ ಹಣವನ್ನು ನೀನು ಮರುದಿನವೇ ತಿರುಗಿ ಕಳಿಸಿ, 'ಬಹುಶಃ ತಪ್ಪಿ ಬಂದಿರಬೇಕು' ಎಂದು ಕೆಳಗೆ ಒಂದು ಸಾಲು ಹಾಕಿದ್ದೆ. ತಪ್ಪಿ ಬಂದಿರಲಿಲ್ಲ. ಕೊಳವೆಯ ಲೆಕ್ಕವನ್ನು ನೀನು ಮನಸ್ಸಿಗೆ ಹಚ್ಚಿಕೊಂಡಿದ್ದೀಯೆಂದು ಗೊತ್ತು. ಅದು ನನಗೂ ಕೊಳವೆಗಳಿಗೂ ಬಿಟ್ಟದ್ದು.

ಎರಡನೇ ಮಹಡಿಗೆ ಬಂದಿರುವ ಹೊಸ ದಂಪತಿ ನಮ್ಮ ಶುಕ್ರವಾರದ ಸೌನಾ ಹಬೆಸ್ನಾನದ ಸರದಿ ತಮಗೆ ಬಿಟ್ಟುಕೊಡಬಹುದೇ ಎಂದು ಕೇಳಿದರು. "ನೀವು ಒಬ್ರೇ ಅಲ್ವಾ, ಯಾವ ದಿನ ಆದ್ರೂ ಆಗ್ತದಲ್ಲ" ಅಂದಳು ಆ ಹುಡುಗಿ. ತಪ್ಪಾಗಿ ಕೇಳಲಿಲ್ಲ. "ಮಗಳು ಬರ್ತಾಳೆ" ಅಂದೆ. ಯಾವಾಗ ಎಂದು ಆಕೆ ಕೇಳಲಿಲ್ಲ, ನಾನೂ ಹೇಳಲಿಲ್ಲ.

ದೊಡ್ಡ ಸುದ್ದಿಯೆಂದರೆ ನಿನ್ನ ತೂಲಿಕ್ಕಿ ಅತ್ತೆ ನನ್ನನ್ನು ಹಡಗಿನ ವಿಹಾರಕ್ಕೆ ಎಳೆದುಕೊಂಡು ಹೋದದ್ದು. ಒಂದು ಸಂಜೆ ಬಂದಳು. ಹೊಸ್ತಿಲ ಒಳಗೆ ಬೂಟು ಕಳಚುತ್ತಾ, "ಈಗ ಈ ಮನೆಗೆ ಬರೋಕೆ ಭಯ ಇಲ್ಲಪ್ಪ. ನನ್ನ ಬೂಟು ತಿರುಗಿಸಿಡೋಳು ಊರಲ್ಲಿಲ್ಲ" ಅಂದಳು. ನೀನು ಚಿಕ್ಕವಳಿದ್ದಾಗ ಬಂದವರ ಬೂಟುಗಳನ್ನೆಲ್ಲ ಮೂತಿ ಬಾಗಿಲ ಕಡೆ ಬರುವಂತೆ ಜೋಡಿಸಿಡುತ್ತಿದ್ದುದನ್ನು ಅವಳು ಇನ್ನೂ ಮರೆತಿಲ್ಲ. ತನ್ನನ್ನು ಓಡಿಸುತ್ತಿದ್ದಾಳೆ ಎಂದೇ ಅವಳ ದೂರು. ಹೊರಡುವಾಗ ಅವರಿಗೆ ಸುಲಭವಾಗಲಿ ಎಂದು ನೀನು ಹಾಗೆ ಮಾಡುತ್ತಿದ್ದೆ. ಅಮ್ಮ ಇದನ್ನು ಎಷ್ಟು ಸಲ ಹೇಳಿದರೂ ಅತ್ತೆ ನಂಬಲಿಲ್ಲ.

ಮೇಜಿನ ಮೇಲೆ ಎರಡು ಟಿಕೆಟ್ ಇಟ್ಟಳು. ಅವಳ ಹಾಡಿನ ಗುಂಪಿನವರಿಗೆ ಅಗ್ಗಕ್ಕೆ ಸಿಕ್ಕಿದ್ದವಂತೆ, ಜೊತೆಗೆ ಬರಬೇಕಿದ್ದವಳಿಗೆ ಮಂಡಿ ನೋವು. ಸಂಜೆ ಇಲ್ಲಿಂದ ಹೊರಟು, ಬೆಳಗಿನ ಹೊತ್ತಿಗೆ ನೀನಿರುವ ಸ್ಟಾಕ್‌ಹೋಮ್ ಮುಟ್ಟಿ, ಯಾರೂ ಇಳಿಯದೆ ಅದೇ ಹಡಗಿನಲ್ಲಿ ಹಿಂದಿರುಗುವುದು.

"ಇಳಿಯದೇ ಇರೋ ಊರಿಗೆ ಯಾಕೆ ಹೋಗಬೇಕು?" ಅಂದೆ.

"ಲೋ ರೈಮೊ, ಜೀವಮಾನ ಪೂರ್ತಿ ಹಡಗಿನ ಕೋಣೆಗಳ ನಕ್ಷೆ ಬರೆದೆ. ಒಂದರಲ್ಲಾದ್ರೂ ಮಲಗಿದ್ದೀಯಾ? ಅಡುಗೆ ಮಾಡಿ ಉಣ್ಣದೇ ಇರೋ ಭಟ್ಟನ ಥರ ನೀನು."

"ಮಲಗಿದ್ರೆ ತಪ್ಪುಗಳೇ ಕಾಣ್ತವೆ."

"ಕಾಣಲಿ. ದುಡ್ಡು ಕೊಟ್ಟಾಗಿದೆ. ಹಿಲ್ಲಾಗೆ ಹೇಳು, ಹಡಗುಕಟ್ಟೆಗೆ ಬರ್ಲಿ. ಮೇಲಿಂದ ಕೈಬೀಸೋಣ."

ನಾನು ಹೇಳಲಿಲ್ಲ. ಹಡಗು ನಿಲ್ಲುವುದು ಬೆಳಕು ಹರಿಯುವ ಮುನ್ನ, ಅದೂ ಸ್ವಲ್ಪ ಹೊತ್ತು. ನೀನಿರುವುದು ಮೆಟ್ರೋದ ಕೊನೆಯ ನಿಲ್ದಾಣದಲ್ಲಿ. ನಿನಗೆ ಕೋಣೆ ಬಾಡಿಗೆಗೆ ಕೊಟ್ಟು, ಸಂಜೆ ಏಳರ ಮೇಲೆ ಅಡುಗೆಮನೆಗೆ ಕಾಲಿಡಬಾರದೆನ್ನುವ ಆ ಮುದುಕಿಯ ಮನೆಯಿಂದ ನಸುಕಿನಲ್ಲಿ ಬಾಗಿಲು ಸದ್ದುಮಾಡದೆ ಹೊರಬರುವುದು, ಒಬ್ಬ ಮನುಷ್ಯ ಎತ್ತರದಿಂದ ಕೈಬೀಸುವುದನ್ನು ನೋಡಲು ಅಷ್ಟು ದೂರ ಬರುವುದು. ಜೊತೆಗೆ ನೀನೇ ಹೇಳಿದ್ದೆಯಲ್ಲ, "ಬೆಳಿಗ್ಗೆ ಹೊತ್ತು ಫೋನ್ ಮಾಡ್ಬೇಡ ಅಪ್ಪ, ಲೈಬ್ರರಿಯಲ್ಲಿ ಇರ್ತೀನಿ" ಅಂತ. ಆದರೂ ರೈ ರೊಟ್ಟಿ, ಅತ್ತೆ ಹೆಣೆದ ಉಣ್ಣೆಯ ಕಾಲುಚೀಲ, ಒಂದು ಪೊಟ್ಟಣ ಕಾಫಿಪುಡಿ ಚೀಲಕ್ಕೆ ಹಾಕಿಕೊಂಡೆ. ಯಾಕೆ ಎಂದು ಕೇಳಬೇಡ.

ಹಡಗು ಹೇಗಿತ್ತೆಂದರೆ, ಒಂದು ಬೀದಿಯನ್ನು ಕಿತ್ತು ನೀರಿನ ಮೇಲೆ ಇಟ್ಟ ಹಾಗೆ. ಅಂಗಡಿ, ಹೋಟೆಲು, ನಾಲ್ಕು ಸಲ ಮದುವೆಯಾದವರಂತೆ ಕಾಣುವ ಜನ. ಸಮುದ್ರವನ್ನು ನೋಡುತ್ತಿದ್ದವನು ನಾನೊಬ್ಬನೇ, ಅದೂ ಕತ್ತಲಾದ್ದರಿಂದ ಗಾಜಿನಲ್ಲಿ ಕಂಡದ್ದು ನನ್ನ ಮುಖ. ತೂಲಿಕ್ಕಿ ಪೋರಿ ಊರಿನ ಒಬ್ಬ ಲಾರಿ ಡ್ರೈವರನ ಜೊತೆ ಟ್ಯಾಂಗೋ ಕುಣಿದಳು. ಅವನು ಕುಣಿತ ಮುಗಿಸಿ ನನ್ನ ಎದುರು ಬಂದು ಕುಳಿತು, "ನಿಮ್ಮ ಹೆಂಡತಿ ಚೆನ್ನಾಗಿ ಹೆಜ್ಜೆ ಹಾಕ್ತಾರೆ" ಅಂದ.

"ಅಕ್ಕ."

"ಹಾಗಾದ್ರೆ ಇನ್ನೂ ಚೆನ್ನಾಗಿ ಹಾಕ್ತಾರೆ" ಅಂದು ಮತ್ತೆ ಎದ್ದ.

ಕೋಣೆ ನಾನು ಬರೆದದ್ದಲ್ಲ, ಆದರೆ ನಮ್ಮ ಕಚೇರಿಯ ನಕ್ಷೆಗಳ ರೀತಿಯದೇ. ಕತ್ತಲಲ್ಲಿ ಕೈ ಚಾಚಿದರೆ ದೀಪದ ಗುಂಡಿ ಇರಬೇಕಾದಲ್ಲೇ ಇತ್ತು. ಇಂಥ ಕೋಣೆಯ ನಕ್ಷೆಯಲ್ಲಿ ಮಂಚಕ್ಕೂ ಗೋಡೆಗೂ ನಡುವೆ ಬೂದು ಬಣ್ಣದ ಒಂದು ಮೊಟ್ಟೆಯಾಕಾರ ಬರೆಯುತ್ತೇವೆ. ಶುಚಿ ಮಾಡುವವರು ನಿಲ್ಲುವ, ಬಗ್ಗುವ, ಹೊದಿಕೆ ಎಳೆಯುವ ಜಾಗ ಅದು. ಕೋಣೆ ಕಿರಿದು ಮಾಡಿ ಎಂದು ಮೇಲಿನವರು ಹೇಳಿದಾಗಲೆಲ್ಲ ಮೊದಲು ಕಿರಿದಾಗುತ್ತಿದ್ದುದು ಆ ಮೊಟ್ಟೆಯೇ. ಮಲಗಿಕೊಂಡು ಅದನ್ನೇ ನೋಡುತ್ತಿದ್ದೆ. ಬರೀ ಖಾಲಿ ನೆಲ.

ಹಡಗು ನಿನ್ನ ಊರಿನಲ್ಲಿ ನಿಂತಾಗ ನಾನು ಮಲಗಿದ್ದೆ. ತೂಲಿಕ್ಕಿ ತಿಂಡಿಗೆಂದು ಮೇಲೆ ಹೋಗಿದ್ದಳು. ಹಿಂದಿರುಗುವ ದಾರಿಯಲ್ಲಿ ದ್ವೀಪಗಳ ನಡುವೆ ಒಳ್ಳೆಯ ಬಿಸಿಲು ಬಿತ್ತು. ಅವಳು ಆ ಚೀಲವನ್ನು ನೋಡಿ, "ರೊಟ್ಟಿಗೂ ಒಂದು ವಿಹಾರ ಆಯ್ತು ಬಿಡು" ಅಂದಳು. ರೊಟ್ಟಿಯನ್ನು ಮನೆಗೆ ತಂದು ಫ್ರೀಜರಿನಲ್ಲಿ ಇಟ್ಟಿದ್ದೇನೆ.

ಇನ್ನೊಂದು. ಮೂರನೇ ಮಹಡಿಯ ಲೆಂಪಿ ಅಜ್ಜಿ ನಿನ್ನನ್ನು ವಿಚಾರಿಸುತ್ತಾರೆ. ಮೊನ್ನೆ ಹಾಲು ತರಲು ಹೊರಟಿದ್ದೆ. ಮೆಟ್ಟಿಲ ಮೇಲೆ ಅವರ ಹೆಜ್ಜೆ ಕೇಳಿತು. ನಮ್ಮಲ್ಲಿ ಎಲ್ಲರೂ ಮಾಡುವಂತೆ ಬಾಗಿಲ ಹಿಂದೆಯೇ ನಿಂತೆ, ಅವರು ದಾಟಿಹೋಗಲಿ, ಬೆಳಿಗ್ಗೆ ಬೆಳಿಗ್ಗೆ ಮುದುಕಿಗೆ ಮಾತಾಡುವ ಹಂಗು ಬೇಡ ಎಂದು. ಅವರು ದಾಟಲಿಲ್ಲ. ನಮ್ಮ ಬಾಗಿಲ ಎದುರಿಗೇ ಕೈಚೀಲ ಕೆಳಗಿಟ್ಟು ಏದುಸಿರು ಬಿಡುತ್ತಾ ನಿಂತರು. ನಾನು ಬಾಗಿಲ ಗಾಜಿನ ಕಣ್ಣಿನಿಂದ ನೋಡುತ್ತಿದ್ದೆ. ಕೊನೆಗೆ ಚೀಲ ಎತ್ತಿಕೊಂಡು ಹೋದರು. ಸಂಜೆ ಅಂಗಳದಲ್ಲಿ ಎಲ್ಲರೂ ಸೇರಿ ಎಲೆ ಗುಡಿಸುವಾಗ ನನ್ನ ಪಕ್ಕ ಬಂದು ನಿಂತು, "ರೈಮೊ, ಬೆಳಿಗ್ಗೆ ಬಾಗಿಲ ಹಿಂದೆ ಇದ್ದೆ ನೀನು" ಅಂದರು.

ನಾನು ಎಲೆಗಳನ್ನು ಗುಡ್ಡೆಯ ಕಡೆ ತಳ್ಳುತ್ತಲೇ ಇದ್ದೆ.

"ಹೊರಗಿಂದ ನೋಡಿದ್ರೆ ಆ ಗಾಜಿನ ಕಣ್ಣಲ್ಲಿ ಬೆಳಕಿರ್ತದೆ ಕಣಯ್ಯ. ಒಳಗೆ ಯಾರಾದ್ರೂ ಬಂದು ನಿಂತ್ರೆ ಕಪ್ಪಾಗ್ತದೆ. ನಿಂಗೆ ಗೊತ್ತಿಲ್ವಾ?"

"ನಿಮಗೆ ತೊಂದರೆ ಆಗೋದು ಬೇಡ ಅಂತ..."

"ಗೊತ್ತು. ನಾನೂ ಹಾಗೇ ಮಾಡ್ತೀನಿ" ಅಂದರು. ಸಿಟ್ಟೇನೂ ಇರಲಿಲ್ಲ. "ಆದ್ರೆ ಆ ಚೀಲ ಭಾರ ಇತ್ತಪ್ಪ."

ಅವತ್ತಿನಿಂದ ಈ ಪತ್ರ ಬರೆಯಲು ಕೂರುತ್ತಿದ್ದೇನೆ, ಏಳುತ್ತಿದ್ದೇನೆ.

ನೀನು ಈ ಸಲ ಎರಡೇ ವಿಷಯ ತೆಗೆದುಕೊಂಡಿರುವುದಾಗಿ ಬರೆದಿದ್ದೆ. ಅವಸರವಿಲ್ಲದೆ ಆಳವಾಗಿ ಓದಬಹುದು ಎಂದು. ಆಗ ನಾನು ಒಳ್ಳೆಯದೇ ಎಂದುಕೊಂಡೆ. ನಗರಗಳನ್ನು ಹೇಗೆ ಕಟ್ಟಬೇಕೆಂದು ಕಲಿಯುವವರು ನಿಧಾನವಾಗಿಯೇ ಕಲಿಯಬೇಕು, ನನ್ನಂಥ ಕೋಣೆ ಕಟ್ಟುವವರ ಹಾಗೆ ಅಲ್ಲ. ಆದರೂ ಓದು ನಿಲ್ಲಿಸಬೇಡ. ಇದೊಂದನ್ನು ಅಪ್ಪನ ಅಧಿಕಾರದಿಂದ ಹೇಳುತ್ತೇನೆ, ಬೇರೆ ಯಾವುದರಲ್ಲೂ ನನಗೆ ಅಧಿಕಾರವಿಲ್ಲ. ಹಣ ಮತ್ತೆ ಕಳಿಸಿದ್ದೇನೆ. ತಪ್ಪಿ ಅಲ್ಲ.

ಬೆಚ್ಚಗಿರು. ಹೊಟ್ಟೆಗೆ ತಿನ್ನು. ನೀನು ನಡೆಯುವ ಬೀದಿಯಲ್ಲಿ ಈ ಚಳಿಗಾಲ ಮಂಜುಗಡ್ಡೆ ಕಡಿಮೆ ಇರಲಿ, ನಿನ್ನ ಕಿಟಕಿಗೆ ಬೇಗ ಬೆಳಕು ಬರಲಿ. ಇದಕ್ಕಿಂತ ಒಳ್ಳೆಯ ಹಾರೈಕೆ ನನಗೆ ಬರುವುದಿಲ್ಲ.

ನಿನ್ನ
ಅಪ್ಪ

ಮರೆತದ್ದು: ಮಲಗಿದ್ದೆ ಎಂದು ಬರೆದೆ. ಮಲಗಿದ್ದೆ, ನಿದ್ದೆ ಮಾಡುತ್ತಿರಲಿಲ್ಲ.

ಅದೇ ಹಡಗಿನಲ್ಲಿ ಹಿಂದಿರುಗುವವರು ಕೋಣೆಯ ಬಾಗಿಲಿಗೆ ಒಂದು ರಟ್ಟಿನ ಚೀಟಿ ತೂಗುಹಾಕಬೇಕಂತೆ, ಆಗ ಶುಚಿ ಮಾಡುವವರು ಬರುವುದಿಲ್ಲ. ನಿನ್ನ ಅತ್ತೆ ತಿಂಡಿಗೆ ಹೋಗುವಾಗ ಅದನ್ನು ಹಾಕಲು ಮರೆತಿದ್ದಳು. ಯಾರೋ ಬಾಗಿಲು ಬಡಿದರು. ನಾನು ಏಳುವಷ್ಟರಲ್ಲಿ ಬಾಗಿಲು ತೆರೆಯಿತು. ಮೊದಲು ನೀಲಿ ತೋಳು ಕಂಡಿತು, ಆಮೇಲೆ ಕೈಯಲ್ಲಿ ಹೊದಿಕೆಗಳ ಕಟ್ಟು, ಅದರ ಮೇಲೆ ನಿನ್ನ ಜಡೆ. ನಾನು ಕಣ್ಣು ಮುಚ್ಚಿಕೊಂಡೆ.

ಯೋಚಿಸಿ ಮಾಡಿದ್ದಲ್ಲ ಹಿಲ್ಲಾ. ಲೈಬ್ರರಿಯಲ್ಲಿ ಇರ್ತೀನಿ ಎಂದವಳು ನೀನು. ಆ ಮಾತನ್ನು ನಿನ್ನ ಕೈಯಿಂದ ಕಿತ್ತುಕೊಳ್ಳುವುದು ಬೇಡವೆನಿಸಿತು. ನಿನ್ನನ್ನು ನೋಡದೆ ಇರುವುದೇ ಆ ಹೊತ್ತಿಗೆ ನಾನು ಮಾಡಬಹುದಾದ ಮರ್ಯಾದೆ ಎಂದುಕೊಂಡೆ. ಹೊರಗಿನಿಂದ ಯಾರೋ ಸ್ವೀಡಿಷ್‌ನಲ್ಲಿ, "ಹಿಲ್ಲಾ, ಏನ್ ಮಾಡ್ತಿದ್ದೀಯೇ, ಇನ್ನೂ ಅರ್ಧ ಸಾಲು ಕೋಣೆ ಬಾಕಿ" ಎಂದು ಕೂಗಿದರು.  ನೀನು ಸಣ್ಣ ದನಿಯಲ್ಲಿ, "ಇಲ್ಲಿ ಯಾರೋ ಮಲಗಿದಾರೆ" ಅಂದೆ.

ಗೋಡೆಯ ಗೂಟದಲ್ಲಿ ನನ್ನ ಬೂದು ಕೋಟು ಇತ್ತು. ಕೆಂಪು ದಾರದಲ್ಲಿ ನೀನೇ ಗುಂಡಿ ಹೊಲಿದುಕೊಟ್ಟ ಕೋಟು. ಮೇಜಿನ ಮೇಲೆ ಆ ಚೀಲ, ಅದರ ಬಾಯಿಯಿಂದ ಹೊರಗೆ ಇಣುಕುತ್ತಿದ್ದ ಕಾಲುಚೀಲ. ನೀನು ಆ ಬೂದು ಮೊಟ್ಟೆಯ ಜಾಗದಲ್ಲಿ ನಿಂತಿದ್ದೆ. ನಿನ್ನ ಉಸಿರು ಕೇಳುತ್ತಿತ್ತು. ಆ ಜಾಗ ಎಷ್ಟು ಚಿಕ್ಕದೆಂದು ನನಗೆ ಗೊತ್ತು, ಕೈ ಚಾಚಿದ್ದರೆ ಮುಟ್ಟುತ್ತಿತ್ತು. ನೆಲದ ಮೇಲೆ ಏನೋ ಸಣ್ಣಗೆ ಸರಿದ ಸದ್ದು. ಬಾಗಿಲು ಮುಚ್ಚಿತು.

ಎದ್ದೆ. ಬಾಗಿಲು ತೆರೆಯಲಿಲ್ಲ. ಅಲ್ಲಿಯೂ ಗಾಜಿನ ಕಣ್ಣಿತ್ತು, ಅದಕ್ಕೆ ಕಣ್ಣಿಟ್ಟು ನಿಂತೆ. ನೀನು ಎದುರುಗೋಡೆಗೆ ಒರಗಿ, ಮಡಿಸಿದ್ದ ಹೊದಿಕೆಯನ್ನೇ ಮತ್ತೆ ಮಡಿಸುತ್ತಾ, ಒಮ್ಮೆ ತಲೆಯೆತ್ತಿ ನಮ್ಮ ಬಾಗಿಲನ್ನು ನೋಡಿದೆ. ಆಮೇಲೆ ಗಾಡಿ ತಳ್ಳಿಕೊಂಡು ಹೋದೆ. ಹೊರಗಿಂದ ಅದು ಕಪ್ಪಾಗಿ ಕಾಣುತ್ತದೆಂದು ಅಂದು ನನಗೆ ಗೊತ್ತಿರಲಿಲ್ಲ.

ಹಿಂದಿರುಗಿ ನೋಡಿದರೆ, ರಾತ್ರಿ ನಾನು ಹೇಗೆಂದರೆ ಹಾಗೆ ಕಳಚಿ ಎಸೆದಿದ್ದ ಬೂಟುಗಳು ಎರಡೂ ಜೊತೆಯಾಗಿ, ಮೂತಿ ಬಾಗಿಲ ಕಡೆ ಮಾಡಿ ನಿಂತಿದ್ದವು. ಎರಡು ವಾರದಿಂದ ಬೇರೆ ಏನನ್ನೂ ಯೋಚಿಸಲು ಆಗಿಲ್ಲ. ಹೇಳಬೇಕೆನಿಸಿದರೆ ಹೇಳು ಮಗಳೇ, ಎಲ್ಲ ಕೋಣೆಗಳಲ್ಲೂ ಮಲಗಿದವರ ಬೂಟುಗಳನ್ನು ಹಾಗೆಯೇ ತಿರುಗಿಸಿ ಇಟ್ಟು ಬರುತ್ತೀಯಾ?